ಬೀಗರ ಉಂಡಿ, ಆಯಿಯ ಹಲ್ಲು

ಬಂಡೆಪ್ಪನ ಮನೆತನಕ್ಕೊಂದು ರೋಗವಿತ್ತು. ತಮ್ಮದು ಯಾವುದೂ ಚೆನ್ನಾಗಿದೆ ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಕ್ಕಲಕೋಟೆಯಿಂದ ದುಧನಿಗೆ ಹೋಗುವ ದಾರಿಯಲ್ಲಿ, ಎಸ್.ಟಿ. ಬಸ್ಸು ನಿಂತರೆ ನಿಂತೀತು ಇಲ್ಲದಿದ್ದರೆ ಇಲ್ಲ ಎಂಬಂಥ ಊರು ಅವರದು. ಹೊಲದಲ್ಲಿ ಜೋಳ ಆಳೆತ್ತರ ಬೆಳೆದು ತೆನೆ ಬಾಗಿಸಿ ನಿಂತಿದ್ದರೂ, ಯಾರಾದರೂ ಬೆಳೆ ಹೇಗಿದೆ ಎಂದು ಕೇಳಿದರೆ ಬಂಡೆಪ್ಪ ಮುಖ ಸಪ್ಪಗೆ ಮಾಡಿ, “ಏನೈತ್ರಿ, ದನಕ್ಕ ಮೇವರೆ ಆದೀತು” ಎನ್ನುತ್ತಿದ್ದ. ಅವನ ಹೆಂಡತಿ ಲಕ್ಷ್ಮೀಬಾಯಿ ಬಡಿದ ಕಡಕ್ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ಆದರೂ ತಾಟಿಗೆ ಹಾಕುವಾಗ, “ಇವತ್ತ ಕೈ ಹತ್ತಲಿಲ್ಲ, ಹಂಗ ಹೊಂದ್ಕೊಂಡು ತಿನ್ರಿ” ಎನ್ನದೆ ಅವಳು ಎಂದೂ ಬಡಿಸಿದ್ದಿಲ್ಲ.

ಈ ಕಾಯಿದೆ ಮಾಡಿದವಳು ಬಂಡೆಪ್ಪನ ತಾಯಿ ಗಂಗುಬಾಯಿ. ಮನೆಮಂದಿಗೆಲ್ಲ ಅವಳು ‘ಆಯಿ’. “ಮಂದಿ ಕಣ್ಣಿಗೆ ಕಲ್ಲೂ ಸೀಳ್ತಾವ. ನಮ್ಮ ಬಾಯಿಲೇ ನಮ್ಮದನ್ನ ಹೊಗಳಿದ್ರ ಮುಗೀತು” ಎಂಬುದು ಅವಳ ಮಾತು. ತನ್ನದರ ಬಗ್ಗೆ ಅವಳು ಹೇಳುತ್ತಿದ್ದ ಅತ್ಯಂತ ದೊಡ್ಡ ಮಾತೆಂದರೆ ‘ಅಷ್ಟಕ್ಕಷ್ಟ’. ಅದಕ್ಕಿಂತ ಮೇಲೆ ಆ ಮನೆಯಲ್ಲಿ ಪದವಿಯೇ ಇರಲಿಲ್ಲ.

ಹೊಗಳಿಕೆ ಅವರಿಗೆ ಬರುತ್ತಿರಲಿಲ್ಲವೆಂದಲ್ಲ. ಅದನ್ನು ಹಿತ್ತಾಳೆ ಚರಿಗೆಯ ಹಾಗೆ ಹೊರಗಿನವರಿಗೆಂದೇ ತೆಗೆದಿಟ್ಟಿದ್ದರು. ಆಯಿಯ ಮಗಳು ಮುಕ್ತಾಬಾಯಿಯನ್ನು ಸೋಲಾಪುರಕ್ಕೆ ಕೊಟ್ಟಿತ್ತು. ಒಮ್ಮೆ ಅವಳ ಅತ್ತೆಮನೆಯವರು ಡಬ್ಬಿ ತುಂಬ ಬೇಸನ್ ಉಂಡಿ ಕಟ್ಟಿಕೊಂಡು ಬಂದರು. ಕಲ್ಲಿನಂತಿದ್ದ ಆ ಉಂಡಿ ಒಡೆಯಲು ಬಂಡೆಪ್ಪ ಕಳ್ಳನ ಹಾಗೆ ಒಳಗೆ ಹೋಗಿ ಅಡಕೊತ್ತು ಹುಡುಕಿದ. ಆಗ ಆಯಿಯ ಬಾಯಲ್ಲಿ ಇನ್ನೂ ಎರಡು ಮೂರು ಹಲ್ಲಿದ್ದವು, ಒಂದು ಉಂಡಿಯನ್ನು ದವಡೆಯಲ್ಲಿಟ್ಟುಕೊಂಡೇ ಅವಳು ಶುರುಮಾಡಿದಳು: “ಏನ್ ರುಚಿರಿ ಬೀಗತಿ! ಎಂಥಾ ಕೈರಿ ನಿಮ್ಮದು! ಇಂಥಾ ಉಂಡಿ ನಮ್ಮ ಜನ್ಮದಾಗ ತಿಂದಿಲ್ಲ!” ಬೀಗರು ಹಿಗ್ಗಿ ಹೀರೇಕಾಯಿಯಾಗಿ ಬಸ್ಸು ಹತ್ತಿದರು. ಆ ಬಸ್ಸಿನ ಧೂಳು ಅಡಗುವ ಮುಂಚೆ ಉಂಡಿಗಳೆಲ್ಲ ಎಮ್ಮೆಯ ಗೋದಲಿಯಲ್ಲಿದ್ದವು. ಎಮ್ಮೆಯೂ ಒಂದನ್ನು ಮೂಸಿ ನೋಡಿ ಮುಖ ಆಚೆ ತಿರುಗಿಸಿತು.

ಇದನ್ನು ಹೊಸ್ತಿಲ ಮೇಲೆ ಕೂತು ಕಣ್ಣರಳಿಸಿ ನೋಡಿದವಳು ಮೊಮ್ಮಗಳು ಪ್ರಾಜಕ್ತಾ. ಆಯಿ ಬೈದರೆ ನಾವು ಮನೆಯವರು, ಹೊಗಳಿದರೆ ಬೀಗರು ಎಂಬುದನ್ನು ಅವಳು ಅಕ್ಷರ ಕಲಿಯುವ ಮುಂಚೆಯೇ ಕಲಿತಳು.

ಹತ್ತನೆಯ ಇಯತ್ತೆಯಲ್ಲಿ ಅವಳು ತಾಲೂಕಿನಲ್ಲೇ ಹೆಸರು ಬರುವಂತೆ ಪಾಸಾದಳು. ಓಣಿಯ ಧರೆಪ್ಪ ಬಂದು ರಿಸಲ್ಟ್ ಏನಾಯಿತೆಂದು ಕೇಳಿದ್ದಕ್ಕೆ ಬಂಡೆಪ್ಪ ನೆಲ ನೋಡುತ್ತ, “ಏನೋ ಆತು ಬಿಡು, ಹುಡುಗಿ ತನ್ನ ಕೈಲಾದಷ್ಟು ಮಾಡ್ಯಾಳ” ಎಂದ. ಧರೆಪ್ಪನ ಕರುಳು ಚುರ್ರೆಂದಿತು. ಸಂಜೆ ಅವನು ಹೆಂಡತಿಯನ್ನು ಕರೆದುಕೊಂಡು ಬಂದು, ಪ್ರಾಜಕ್ತಾಳ ತಲೆ ಸವರಿ, ಅಕ್ಕಲಕೋಟೆಯಲ್ಲಿ ಚಲೋ ಹೊಲಿಗೆ ಕ್ಲಾಸು ಇದೆ, ಧೈರ್ಯಗೆಡಬೇಡ ಎಂದು ಸಮಾಧಾನ ಹೇಳಿ ಹೋದ. ಮನೆಯವರು ಒಬ್ಬರೂ ಅವನನ್ನು ತಿದ್ದಲಿಲ್ಲ. ಮಾರನೆಯ ದಿನ ಶಾಲೆಯ ಹೆಡ್‌ಮಾಸ್ತರರೇ ಹಾರ ಹಿಡಿದು ಬಂದಾಗ ಧರೆಪ್ಪ ಒಂದು ವಾರ ಬಂಡೆಪ್ಪನ ಜೊತೆ ಮಾತು ಬಿಟ್ಟ.

ಇಂಥ ಮನೆಯ ಹುಡುಗಿ ಸೋಲಾಪುರದ ದಂತ ವೈದ್ಯಕೀಯ ಕಾಲೇಜಿಗೆ ಸೇರಿ ರೂಪಾಲಿ ಮೇಡಂ ಕೈಗೆ ಸಿಕ್ಕಳು.

ಮೇಡಂ ಸೋಲಾಪುರದವರೇ. ಬೈಯುವಾಗ ಮರಾಠಿ, ತಿಳಿಸಿ ಹೇಳುವಾಗ ಕನ್ನಡ. ಎರಡೂ ಒಟ್ಟಿಗೆ ಬಂದರೆ ಹುಡುಗರು ಬಾಗಿಲು ನೋಡುತ್ತಿದ್ದರು. ಪ್ರಾಕ್ಟಿಕಲ್ ತರಗತಿಯಲ್ಲಿ ಅವರದೊಂದು ನಿಯಮವಿತ್ತು. ಕೆಲಸ ಮುಗಿದ ಮೇಲೆ ವಿದ್ಯಾರ್ಥಿ ತನಗೆ ತಾನೇ ಹತ್ತಕ್ಕೆ ಎಷ್ಟು ಎಂದು ಮೊದಲು ಹೇಳಬೇಕು. ಆಮೇಲೆ ಮೇಡಂ ತಮ್ಮ ಅಂಕ ಹೇಳುತ್ತಾರೆ. ಎರಡರ ನಡುವೆ ಎರಡಕ್ಕಿಂತ ಹೆಚ್ಚು ಅಂತರ ಬಿದ್ದರೆ, ಅದು ಮೇಲಕ್ಕಾಗಲಿ ಕೆಳಕ್ಕಾಗಲಿ, ಕೆಲಸ ಮತ್ತೆ ಮೊದಲಿನಿಂದ.

ಮೊದಲ ಪರೀಕ್ಷೆ ಮೇಣದ ತುಂಡಿನಲ್ಲಿ ಒಂದು ದವಡೆಹಲ್ಲು ಕೆತ್ತುವುದು. ಪ್ರಾಜಕ್ತಾ ಕೆತ್ತಿದ ಹಲ್ಲಿನಲ್ಲಿ ಏಣು, ಕಣಿವೆ, ಸಣ್ಣ ಗುಳಿ ಎಲ್ಲ ಇರಬೇಕಾದಲ್ಲೇ ಇದ್ದವು. ಮೇಡಂ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಎಷ್ಟು ಕೊಡ್ತಿ?”

“ಮೂರ್ರಿ, ಮೇಡಂ.”

“ನಾ ಎಂಟು ಕೊಟ್ಟೀನಿ. ಪುನಃ ಮಾಡು.”

ಪಕ್ಕದ ಜಾಗದಲ್ಲಿ ಮಂಗಳವೇಢೆಯ ಸೋಮೇಶ ಕೂತಿದ್ದ. ಅವನ ಹಲ್ಲು ಅರ್ಧ ತಿಂದ ಗುಲಾಬ್‌ಜಾಮೂನಿನಂತಿತ್ತು. ಅವನು ಎದೆಯುಬ್ಬಿಸಿ, “ಒಂಬತ್ತ್ರಿ” ಎಂದ. ಮೇಡಂ ಕೊಟ್ಟದ್ದು ನಾಲ್ಕು. ಹೀಗೆ ತರಗತಿಯ ಅತಿ ಚೆಂದದ ಹಲ್ಲು ಮತ್ತು ಅತಿ ಕೆಟ್ಟ ಹಲ್ಲು ಎರಡೂ ಒಂದೇ ಡಬ್ಬಿಯಲ್ಲಿ ಬಿದ್ದು ಕರಗಿದವು. ಪ್ರಾಜಕ್ತಾ ಎರಡನೆಯ ಹಲ್ಲನ್ನು ಇನ್ನೂ ಚೆಂದ ಕೆತ್ತಿದಳು. ಬಹಳ ಧೈರ್ಯ ಮಾಡಿ ಮೂರೂವರೆ ಎಂದಳು. ಮೂರನೆಯ ಸಲವೂ ಹಾಗೇ ಆದಾಗ ಮೇಡಂ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು.

“ಇವ ಆಸೇಕ್ಕ ಒಂಬತ್ತು ಅಂತಾನ. ನೀ ನಾಚಿಕಿಗೆ ಮೂರು ಅಂತಿ. ಇಬ್ರೂ ಹಲ್ಲು ನೋಡಿಲ್ಲ,” ಎಂದರು. “ನಾಳೆ ದವಾಖಾನಿ ಹಾಕ್ತೀರಿ. ಅಲ್ಲಿ ನಾ ಇರೂದಿಲ್ಲ. ಪೇಶಂಟ್‌ನ ಮನಿಗೆ ಕಳಸಬೇಕೋ, ಇನ್ನೊಮ್ಮೆ ಬಾಯಿ ತೆಗಿ ಅನ್ನಬೇಕೋ, ಯಾರು ಹೇಳ್ತಾರ ನಿಮಗ? ನಿಮಗ ನೀವೇ ಹೇಳ್ಕೋಬೇಕು. ಕಳಲಂ ಕಾ?”

ಇಬ್ಬರೂ ತಿಳಿಯಿತೆಂದು ತಲೆಯಾಡಿಸಿದರು. ತಿಳಿದಿರಲಿಲ್ಲ. ಹೊರಗೆ ಬಂದ ಕೂಡಲೇ ಸೋಮೇಶ ಒಂದು ಉಪಾಯ ಹೂಡಿದ: “ನೀ ಏನ್ ಅನಕೋತಿ ಅದಕ್ಕ ನಾಲ್ಕು ಕೂಡ್ಸು. ನಾ ಅನಕೊಂಡದ್ರಾಗ ನಾಲ್ಕು ಕಳೀತೀನಿ. ಮುಗೀತಲ್ಲ!” ಉಪಾಯ ಕೆಲದಿನ ಚೆನ್ನಾಗಿಯೇ ನಡೆಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ ಅಂಕ ಹೇಳುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೇಡಂ ಅದನ್ನು ಹಿಡಿದೇ ಬಿಟ್ಟರು. ಅಂದಿನಿಂದ ಅಂಕದ ಹಿಂದೆ ಅವರ ಇನ್ನೊಂದು ಪ್ರಶ್ನೆ ಬರತೊಡಗಿತು: “ಕಾರಣ?”

ಕೂಡುವುದು ಕಳೆಯುವುದು ಕಾರಣವಾಗುವುದಿಲ್ಲವಲ್ಲ. ಪ್ರಾಜಕ್ತಾಳಿಗೆ ಈಗ ನಿಜವಾಗಿ ಹಲ್ಲು ನೋಡಬೇಕಾಯಿತು. ಇದು ನನ್ನದಲ್ಲ, ಸೋಮೇಶನದು ಎಂದುಕೊಂಡು ಒಮ್ಮೆ ನೋಡಿದಳು. ಅಷ್ಟಕ್ಕೇ ಮನೆಯ ಇನ್ನೊಂದು ಚಟ ಎದ್ದು ಬಂದು, ಬೀಗರ ಉಂಡಿಗೆ ಕೊಟ್ಟ ಹಾಗೆ, ಹತ್ತಕ್ಕೆ ಹತ್ತು ಕೊಟ್ಟುಬಿಟ್ಟಳು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೊನೆಗೆ ಅವಳು ಬೇರೊಂದು ದಾರಿ ಹಿಡಿದಳು. ಇದು ನನ್ನದೂ ಅಲ್ಲ, ಅವನದೂ ಅಲ್ಲ, ಬರೀ ಒಂದು ಹಲ್ಲು. ಅಂಚಿಗೆ ಬೆರಳು ಎಳೆದರೆ ತಡೆಯುತ್ತದೋ ಇಲ್ಲವೋ? ಈ ಗುಳಿ ಆಳವೋ ಇಲ್ಲವೋ? ಹೀಗೆ ಕೇಳಿಕೊಳ್ಳುತ್ತ ಹೋದರೆ ಅಂಕ ತಾನಾಗಿಯೇ ಬರುತ್ತಿತ್ತು. ಆದರೂ ಆರಕ್ಕಿಂತ ಮೇಲಿನ ಅಂಕವನ್ನು ಬಾಯಿಬಿಟ್ಟು ಹೇಳುವಾಗ, ಯಾರಾದರೂ ದೃಷ್ಟಿ ಹಾಕಿಯಾರೆಂದು ಒಂದು ಸಲ ಹಿಂದೆ ತಿರುಗಿ ನೋಡುವುದು ತಪ್ಪಲಿಲ್ಲ.

ಕಡೆಯ ವರ್ಷ ಬಂತು. ಹಲ್ಲೇ ಇಲ್ಲದ ಒಬ್ಬರ ಬಾಯಿಗೆ ಮೇಲೂ ಕೆಳಗೂ ಪೂರಾ ಹಲ್ಲಿನ ಸೆಟ್ಟು ಕೂರಿಸಿ ಮೇಡಂ ಒಪ್ಪಿಗೆ ಪಡೆಯಬೇಕು. ಇಲ್ಲದಿದ್ದರೆ ಪರೀಕ್ಷೆಗೆ ಕೂಡುವಂತಿಲ್ಲ, ಜೊತೆಯವರೆಲ್ಲ ಮುಂದೆ ಹೋಗಿ ತಾನೊಬ್ಬಳೇ ಆರು ತಿಂಗಳು ಹಿಂದೆ ಉಳಿಯಬೇಕು. ಪೇಶಂಟನ್ನೂ ವಿದ್ಯಾರ್ಥಿಗಳೇ ಹುಡುಕಿ ತರಬೇಕು. ಆ ಕಾಲೇಜಿನಲ್ಲಿ ಯಾರ ಊರಿನಲ್ಲಿ ಎಷ್ಟು ಬೋಳುಬಾಯಿಯವರು ಎಂಬುದೇ ದೊಡ್ಡಸ್ತಿಕೆ. ಸೋಮೇಶ ಮಂಗಳವೇಢೆಯ ಸಂತೆಯಲ್ಲಿ ಜೋಳ ಮಾರಲು ಬಂದ ಮುದುಕರನ್ನು ಮಾತಾಡಿಸಿ, ನಗಿಸಿ, ನಕ್ಕಾಗ ಬಾಯೊಳಗೆ ಇಣುಕುತ್ತಿದ್ದ. ಪ್ರಾಜಕ್ತಾ ಅಕ್ಕಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಅವಳಿಗೂ ಈಗ ಮುಖ ಕಾಣುತ್ತಿರಲಿಲ್ಲ, ಬಾಯಿ ಕಾಣುತ್ತಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಮನೆಯಲ್ಲೇ ಆಯಿ ಇದ್ದಳು. ಉಳಿದಿದ್ದ ಎರಡು ಮೂರು ಹಲ್ಲೂ ಯಾವಾಗಲೋ ಬಿದ್ದುಹೋಗಿದ್ದವು. ಕಡಕ್ ರೊಟ್ಟಿಯನ್ನು ಸಣ್ಣ ಕಲ್ಲಿನಲ್ಲಿ ಕುಟ್ಟಿ, ಸಾರಿನಲ್ಲಿ ನೆನೆಸಿ, ಮುಂದಿನ ವಸಡುಗಳಿಂದ ಒತ್ತಿ ಒತ್ತಿ ನುಂಗುತ್ತಿದ್ದಳು. ಎಲ್ಲರೂ ಉಣ್ಣಲು ಕೂತಾಗ ಅವಳು ಏನೋ ನೆಪ ತೆಗೆದು ಎದ್ದುಹೋಗುತ್ತಿದ್ದಳು. ಉಳಿದವರ ಬಾಯಲ್ಲಿ ರೊಟ್ಟಿ ಕಟಕಟ ಎನ್ನುವುದನ್ನು ಕೇಳುತ್ತ ಕೂಡಲು ಅವಳಿಗೆ ಆಗುತ್ತಿರಲಿಲ್ಲ. ಪ್ರಾಜಕ್ತಾಳಿಗೆ ಅದು ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿದ್ದೂ ತಾನು ಕಟಕಟ ತಿನ್ನುತ್ತಿದ್ದೆನಲ್ಲ ಎಂದು ಈಗ ಅನಿಸುತ್ತಿತ್ತು. ಪರೀಕ್ಷೆಗಿಂತ ಹೆಚ್ಚಾಗಿ ಅವಳಿಗೆ ಬೇಕಾದದ್ದು ಆಯಿಯ ಬಾಯಲ್ಲಿ ಆ ಸದ್ದು.

“ಈ ವಯಸ್ಸಿನಾಗ ಹಲ್ಲು ಬಂದಾವಂದ್ರ ಮಂದಿ ಏನಂದಾರು? ಕೂಸು ಅಂತ ತೊಟ್ಟಿಲದಾಗ ಹಾಕ್ಯಾರು,” ಎಂದು ಆಯಿ ಮೊದಲು ಒಪ್ಪಲಿಲ್ಲ.

“ಕಡಕ್ ರೊಟ್ಟಿ ತಿನ್ನಬಹುದು ಆಯಿ. ಕುಟ್ಟದ.”

ಆಯಿ ಕುಟ್ಟುವ ಕಲ್ಲನ್ನು ಮೂಲೆಗೆ ಸರಿಸಿದಳು. ಆಮೇಲೆ ಸೊಸೆಯನ್ನು ಕೂಗಿ, “ಲಕ್ಷ್ಮೀ, ನನ್ನ ಚಲೋ ಸೀರಿ ಎಲ್ಲೈತಿ?” ಎಂದಳು.

ಸೋಲಾಪುರದಲ್ಲಿ ಮಗಳು ಮುಕ್ತಾಬಾಯಿಯ ಮನೆಯಲ್ಲಿ ಉಳಿದುಕೊಂಡು ಆಯಿ ಕಾಲೇಜಿಗೆ ಬರತೊಡಗಿದಳು. ಕುರ್ಚಿ ತಾನಾಗಿ ಹಿಂದಕ್ಕೆ ಮಲಗಿದಾಗ “ಅಯ್ಯ ಅಯ್ಯ, ಬಿದ್ನಿ” ಎಂದು ಕೂಗಿ ಇಡೀ ವಿಭಾಗವನ್ನು ನಗಿಸಿದಳು. ಅಚ್ಚು ತೆಗೆದದ್ದಾಯಿತು. ಕೆಳದವಡೆ ಮೇಲಿನದಕ್ಕೆ ಎಲ್ಲಿ ಬಂದು ಕೂಡುತ್ತದೆ ಎಂದು ಮೇಣದ ಮೇಲೆ ಗುರುತು ಮಾಡಿಕೊಳ್ಳುವ ದಿನ ಬಂತು. ಇಡೀ ಸೆಟ್ಟು ನಿಲ್ಲುವುದು ಆ ಗುರುತಿನ ಮೇಲೆ. ಅವತ್ತು ಕುರ್ಚಿಗಾಗಿ ಹಿಂದೆ ಇನ್ನೂ ಇಬ್ಬರು ಕಾದಿದ್ದರು. “ಬಾಯಿ ಮುಚ್ಚು ಆಯಿ” ಎಂದಳು ಪ್ರಾಜಕ್ತಾ. ಆಯಿ ಮುಚ್ಚಿದಳು. ಇನ್ನೊಮ್ಮೆ ನೋಡಬೇಕೆಂದು ಮನಸ್ಸಿಗೆ ಬಂದದ್ದು ನಿಜ. ಆದರೆ ಹಿಂದಿನವರು ಗಡಿಯಾರ ನೋಡುತ್ತಿದ್ದರು, ಇವಳು ಏಳಿಸಿಬಿಟ್ಟಳು.

ಸೆಟ್ಟು ತಯಾರಾಗಿ ಆಯಿಯ ಬಾಯಿಗೆ ಬಂದಾಗ ಅವಳ ಕೆನ್ನೆ ತುಂಬಿತು, ತುಟಿ ನೆಟ್ಟಗಾಯಿತು. ಮುಕ್ತಾಬಾಯಿ ತನ್ನ ತಾಯಿಯನ್ನು ನೋಡಿ ಬಾಯಿಗೆ ಸೆರಗು ಹಚ್ಚಿಕೊಂಡು ಅತ್ತಳು. ಒಂದು ರಾತ್ರಿ ಹಾಕಿಕೊಂಡಿದ್ದು ಮಾರನೆಯ ದಿನ ಬಂದು ತೋರಿಸಬೇಕು, ಆಮೇಲೆ ಅಂಕ ಎಂದು ಮೇಡಂ ಹೇಳಿ ಕಳಿಸಿದರು.

ಮಾರನೆಯ ದಿನ ಬೆಳಿಗ್ಗೆ ಆಯಿ ಕುರ್ಚಿಯಲ್ಲಿ ಕೂತಿದ್ದಳು. ಮೇಡಂ, ಪ್ರಾಜಕ್ತಾ, ಕರೆಯದಿದ್ದರೂ ಬಂದು ನಿಂತ ಸೋಮೇಶ. ವಸಡು ಸ್ವಲ್ಪ ಕೆಂಪಾಗಿತ್ತು, ಮೊದಲ ದಿನ ಅಷ್ಟು ಇದ್ದೇ ಇರುತ್ತದೆ. ಬಾಯಿ ಮುಚ್ಚು ಎಂದರೆ ಆಯಿ ಮುಚ್ಚಿದಳು. ಹಲ್ಲು ಹಲ್ಲಿಗೆ ಸರಿಯಾಗಿ ಕೂತವು.

“ಎಷ್ಟು?” ಎಂದರು ಮೇಡಂ.

ಪ್ರಾಜಕ್ತಾ ಉಸಿರೆಳೆದುಕೊಂಡಳು. ಈ ಸಲ ಹಿಂದೆ ತಿರುಗಿ ನೋಡಲಿಲ್ಲ. “ಎಂಟ್ರಿ, ಮೇಡಂ. ಅಂಚು ಎಲ್ಲೂ ಚುಚ್ಚೂದಿಲ್ಲ. ತುಟಿ ತುಂಬಿ ಬಂದಾವ. ಮುಚ್ಚಿದ್ರ ಎರಡೂ ಕಡಿ ಸಮ ಕೂಡ್ತಾವ. ಬಣ್ಣ ಒಂದೀಟ ಬೆಳ್ಳಗ ಆಗೈತಿ, ಅದಕ್ಕ ಎರಡು ಕಡಿಮಿ.”

ಮೇಡಂ ನಕ್ಕರು. ಅವರು ನಗುವುದನ್ನು ಆ ವಿಭಾಗದಲ್ಲಿ ಕಂಡವರು ಕಡಿಮೆ. “ನಂದೂ ಎಂಟೇ. ಶಾಬ್ಬಾಸ್!” ಸೋಮೇಶ ಚಪ್ಪಾಳೆ ತಟ್ಟಿದ. ಎಷ್ಟೋ ವರ್ಷದ ಗಂಟು ಬಿಚ್ಚಿದಂತಾಗಿ ಪ್ರಾಜಕ್ತಾಳ ಮುಖ ಕೆಂಪಾಯಿತು. ಒಪ್ಪಿಗೆ ಸಿಕ್ಕಂತೆಯೇ. ಮೇಡಂ ಮುಂದಿನ ಕುರ್ಚಿಯತ್ತ ಒಂದು ಹೆಜ್ಜೆ ಇಟ್ಟವರು ರೂಢಿಯಂತೆ ತಿರುಗಿ ಆಯಿಯನ್ನು ಕೇಳಿದರು: “ಹೆಂಗ ಅದಾವ ಆಜಿ, ಮೊಮ್ಮಗಳು ಮಾಡಿದ ಹಲ್ಲು?”

ಆಯಿ ಕನ್ನಡಿ ಎತ್ತಿಕೊಂಡಳು. “ಏನ್ ಹಲ್ಲರಿ ಮೇಡಂ! ಎಂಥಾ ಕೈರಿ ಈಕಿದು! ಇಂಥಾ ಹಲ್ಲು ನಮ್ಮ ಜನ್ಮದಾಗ ನೋಡಿಲ್ಲ!”

ಮೇಡಂ ಮತ್ತೆ ನಕ್ಕರು. ಸೋಮೇಶ ಇನ್ನೊಮ್ಮೆ ಚಪ್ಪಾಳೆ ತಟ್ಟಿದ. ಪ್ರಾಜಕ್ತಾ ಮಾತ್ರ ಆಯಿಯ ಮುಖವನ್ನೇ ನೋಡಿದಳು. ಆ ಮಾತು, ಆ ರಾಗ, ಆ ‘ನಮ್ಮ ಜನ್ಮದಾಗ’ ಎಲ್ಲ ಅವಳಿಗೆ ಗೊತ್ತಿತ್ತು. ಕಣ್ಣ ಮುಂದೆ ಎಮ್ಮೆಯ ಗೋದಲಿ ಬಂದು ನಿಂತಿತು.

“ಮೇಡಂ,” ಎಂದಳು. “ನಂದು ನಾಲ್ಕರಿ.”

ಮೇಡಂ ಮುಖದ ನಗು ಇಳಿಯಿತು. “ಕಾಯ್ ಗ? ಮತ್ತ ಶುರು ಆತಾ ನಿನ್ನ ರೋಗ? ಈಗ ನೀನೇ ಎಂಟು ಅಂದಿ, ಕಾರಣಾನೂ ಹೇಳಿದಿ.”

“ಹೌದ್ರಿ. ಆದ್ರ ಆಯಿ ಹೊಗಳ್ಯಾಳ್ರಿ.”

“ಹೊಗಳಿದ್ರ ಅಂಕ ಕಡಿಮಿ ಆಗ್ತಾವೇನ?”

“ನಮ್ಮ ಮನ್ಯಾಗ ಆಗ್ತಾವ್ರಿ.”

ಸೋಮೇಶ ಹಣೆ ಬಡಿದುಕೊಂಡು, “ಬಾಯಿ ಮುಚ್ಚ ಮಾರಾಯ್ತಿ, ಸಹಿ ತಗೊಂಡು ನಡಿ,” ಎಂದು ಪಿಸುಗುಟ್ಟಿದ. ಅಂತರ ಈಗ ನಾಲ್ಕಾಗಿತ್ತು. ನಿಯಮದ ಪ್ರಕಾರ ಎಲ್ಲ ಮೊದಲಿನಿಂದ. ಪರೀಕ್ಷೆಗೆ ಹೆಸರು ಕಳಿಸುವ ದಿನವೋ ಬಾಗಿಲಿಗೆ ಬಂದು ನಿಂತಿತ್ತು. ಪ್ರಾಜಕ್ತಾಳಿಗೆ ಇದೆಲ್ಲ ಗೊತ್ತಿತ್ತು. ಸುಮ್ಮನಿದ್ದುಬಿಟ್ಟರೆ ತಾನು ಡಾಕ್ಟರಾಗುತ್ತೇನೆ. ಸೆಟ್ಟು ಊರಿಗೆ ಹೋಗಿ ಟ್ರಂಕಿನ ತಳ ಸೇರುತ್ತದೆ. ಆಯಿ ಮತ್ತೆ ಊಟದ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುತ್ತಾಳೆ.

ಮೇಡಂ ಕೈಕಟ್ಟಿ ನಿಂತರು. “ಬರಂ, ಆತು. ಕಾರಣ?”

ಕಾರಣ ಅವಳ ಹತ್ತಿರ ಇರಲಿಲ್ಲ. ಅವಳು ಆಯಿಯ ಕೈಚೀಲಕ್ಕೆ ಕೈಹಾಕಿದಳು. ಹಾಸ್ಟೆಲ್ಲಿನ ಮೊಮ್ಮಗಳಿಗೆಂದು ಊರಿಂದ ತಂದ ಕಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟಿದ್ದು ಅದರಲ್ಲಿತ್ತು. ಒಂದು ಚೂರು ಮುರಿದು ಆಯಿಯ ಬಾಯ ಹತ್ತಿರ ಹಿಡಿದಳು.

“ಈಗ ಹಸಿವಿಲ್ಲ ತೆಗಿ,” ಎಂದಳು ಆಯಿ.

“ಹಸಿವಿಗಲ್ಲ. ಕಡಿ.”

ಆಯಿ ಮೇಡಂ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು, ಬೇರೆ ದಾರಿ ಕಾಣದೆ ಕಡಿದಳು. ಕಟ್ ಎನ್ನಲಿಲ್ಲ. ಕೆಳಗಿನ ಸೆಟ್ಟು ಹಿಂದುಗಡೆ ಎದ್ದು ಕೂತಿತು, ಆಯಿಯ ಹುಬ್ಬು ಗಂಟಾಯಿತು, ರೊಟ್ಟಿ ಹಾಗೇ ಉಳಿಯಿತು. ಪ್ರಾಜಕ್ತಾ ಮಂಡಿಯೂರಿ ಕೂತು ಆ ದವಡೆಯನ್ನೇ ನೋಡಿದಳು. ಅದು ಆಯಿಯದಲ್ಲ, ತನ್ನದಲ್ಲ, ಬರೀ ಒಂದು ದವಡೆ. ಕಡಿಯುವಾಗ ಅದು ಹಿಂದಕ್ಕೆ ಜಾರುತ್ತಿತ್ತು.

“ನಾಲಗಿ ತುದಿ ಮಡಚಿ ಮ್ಯಾಲ ಹಿಂದಕ್ಕ ಹಚ್ಚು ಆಯಿ. ಹಂಗ ಉಗುಳು ನುಂಗು. ನುಂಗಕೋತ ಬಾಯಿ ಮುಚ್ಚು.”

ಆಯಿ ನುಂಗಿದಳು. ದವಡೆ ತನ್ನ ನಿಜವಾದ ಜಾಗಕ್ಕೆ ಬಂದು ನಿಂತಿತು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಹೊಂದಿಕೆಯೇ ಇಲ್ಲ. ಒಂದು ಕಡೆ ಎರಡು ಹಲ್ಲು ಮಾತ್ರ ತಾಕಿ, ಉಳಿದ ಕಡೆಯೆಲ್ಲ ಸಂದು. ಸಂದಿನಲ್ಲಿ ನಾಲಗೆ ಕಾಣುತ್ತಿತ್ತು.

“ಕಾರಣ ಸಿಕ್ತ್ರಿ, ಮೇಡಂ,” ಎಂದಳು ಪ್ರಾಜಕ್ತಾ. “ಆಯಿಗೆ ಮುಂದಿನ ವಸಡೀಲೆ ಒತ್ತಿ ಉಣ್ಣೂ ರೂಢಿ. ಬಾಯಿ ಮುಚ್ಚಂದ್ರ ದವಡಿ ಮುಂದ ತಂದು ಮುಚ್ತಾಳ. ಗುರುತು ಮಾಡೂ ದಿನ ನಾ ಅವಸರ ಮಾಡಿ ಅದನ್ನ ಹಿಡದೀನಿ. ಕುರ್ಚಿ ಮ್ಯಾಲ ಕುಂತಾಗ ಸರಿ ಕಾಣ್ತಾವ, ಉಣ್ಣಾಕ ಕುಂತ್ರ ಕೂಡೂದಿಲ್ಲ. ತಪ್ಪು ನಂದು.”

ಮೇಡಂ ಬಗ್ಗಿ ನೋಡಿದರು. ಇನ್ನೊಮ್ಮೆ ನುಂಗಲು ಹೇಳಿ ಮತ್ತೆ ನೋಡಿದರು. ಎದ್ದು ನಿಂತು ಕನ್ನಡಕ ಒರೆಸಿದರು. “ನಾನೂ ಹಲ್ಲು ನೋಡಿಲ್ಲ,” ಎಂದರು ಕೊನೆಗೆ. “ಮೂರು ಅನ್ನೋ ಹುಡುಗಿ ಎಂಟು ಅಂದಳಲ್ಲ ಅಂತ ಖುಷಿ ಆಗಿ ಅದನ್ನೇ ನೋಡಿದೆ. ನಂದೂ ನಾಲ್ಕು. ಅಂತರ ಇಲ್ಲ. ಗುರುತಿನಿಂದ ಮತ್ತ ಮಾಡು. ಹೆಸರು ಕಳಸೂದ್ರೊಳಗ ಆದ್ರ ಆತು, ಇಲ್ಲಾಂದ್ರ ಆರು ತಿಂಗಳು. ನಿಯಮ ನಿಯಮಾನೇ.”

ಮೇಡಂ ಆಚೆ ಹೋದ ಮೇಲೆ ಆಯಿ ಸೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡು ಸಿಟ್ಟಿನಿಂದ ತೊದಲಿದಳು: “ಹುಚ್ಚಿ! ಬಾಯಿ ನಂದು, ಬ್ಯಾನಿ ನಂದು. ನಿನ್ನ ಪರೀಕ್ಷಾ ಆಗಲಿ ಅಂತ ಚಲೋ ಅದಾವ ಅಂದ್ರ, ನೀನೇ ನಿನ್ನ ಕಾಲ ಮ್ಯಾಲ ಕಲ್ಲು ಹಾಕ್ಕೊಂಡೆಲ್ಲ!”

ಪ್ರಾಜಕ್ತಾಳಿಗೆ ಅಲ್ಲಿಯ ತನಕ ತಡೆದಿದ್ದ ಅಳು ಬಂದೇ ಬಿಟ್ಟಿತು. “ನೀ ನನ್ನ ಬೀಗರ ಸಾಲಿನಾಗ ಕುಂಡ್ರಿಸಿದಿ ಆಯಿ,” ಎಂದಳು. “ಬೈಲಿಲ್ಲ. ಹೊಗಳಿದಿ.”

ಆಯಿ ಸೆಟ್ಟನ್ನು ಮಡಿಲಲ್ಲಿಟ್ಟಳು. ಆಮೇಲೆ ಸೆರಗಿನಿಂದ ಮೊಮ್ಮಗಳ ಮೂಗು ಒರೆಸಿ, “ಬಾಳ ಕಚ್ತಾವ,” ಎಂದು ಒಪ್ಪಿಕೊಂಡಳು. “ರಾತ್ರಿ ಮುಕ್ತಾನ ಮನ್ಯಾಗ ಅನ್ನಾನೂ ಉಣ್ಣಾಕ ಆಗಲಿಲ್ಲ.”

ಆಮೇಲಿನ ದಿನಗಳಲ್ಲಿ ಪ್ರಾಜಕ್ತಾ ಲ್ಯಾಬು ಬಿಟ್ಟು ಏಳಲಿಲ್ಲ. ಗುರುತು ತೆಗೆದುಕೊಳ್ಳುವಾಗ ಆಯಿ ಉಗುಳು ನುಂಗಿ ನುಂಗಿ ಸಾಕಾಗಿ, “ಬಾವಿ ಬತ್ತಿತು ತಂಗಿ” ಎಂದು ಕೈಮುಗಿದಳು. ಹಿಂದೆ ಕಾದವರು ಗಡಿಯಾರ ನೋಡಿದರೂ ಇವಳು ಬೆನ್ನು ತಿರುಗಿಸಲಿಲ್ಲ. ಸೋಮೇಶ ಅವಳ ಹಲ್ಲುಗಳಿಗೆ ಹೊಳಪು ಕೊಡಲು ಕೂತ. ಮುಗಿಸಿ, “ನನ್ನ ಪಾಲಿಶಿಗೆ ಆರು,” ಎಂದ. ಅವಳು ಬೆರಳೆಳೆದು ನೋಡಿದಳು. ಆರೇ ಇತ್ತು. ಒಂಬತ್ತರ ಸೋಮೇಶನೂ ಹಲ್ಲು ನೋಡಲು ಕಲಿತಿದ್ದ. ಆರು ಸಾಲದೆಂದು ಅವಳು ತಾನೇ ಇನ್ನೊಮ್ಮೆ ಉಜ್ಜಲು ಕೂತಳು.

ಹೆಸರು ಕಳಿಸುವ ದಿನ ಬೆಳಿಗ್ಗೆ ಆಯಿ, ಹಿಂದಿನ ರಾತ್ರಿಯಿಡೀ ಹೊಸ ಸೆಟ್ಟು ಹಾಕಿಕೊಂಡಿದ್ದು, ಮತ್ತೆ ಅದೇ ಕುರ್ಚಿಯಲ್ಲಿ ಬಂದು ಕೂತಳು. ಮೇಡಂ ಈ ಸಲ ಮೊದಲು ಬಾಯಿ ನೋಡಲಿಲ್ಲ. ಕೈಚಾಚಿ, “ರೊಟ್ಟಿ ಕೊಡು” ಎಂದರು.

ಆಯಿ ಚೂರಲ್ಲ, ಅರ್ಧ ರೊಟ್ಟಿಯನ್ನೇ ಕೈಗೆ ತೆಗೆದುಕೊಂಡಳು. ಶೇಂಗಾ ಚಟ್ನಿಯ ಡಬ್ಬಿ ತೆರೆದು ಅದರ ಮೇಲೆ ಉದುರಿಸಿಕೊಂಡಳು. ಕಟ್ ಎಂದಿತು. ಮತ್ತೆ ಕಟ್. ಆಮೇಲೆ ಕಟಕಟಕಟ ಎಂದು ಶುರುವಾಗಿ ಪಕ್ಕದ ಕುರ್ಚಿಗಳಲ್ಲಿ ಬಾಯಿ ತೆರೆದು ಮಲಗಿದ್ದವರೂ ತಲೆ ಎತ್ತಿ ನೋಡಿದರು. ಪ್ರಾಜಕ್ತಾ ಕಿವಿಗೊಟ್ಟು ನಿಂತಳು. ಊರಿನ ಅಡುಗೆಮನೆಯಲ್ಲಿ ಇಷ್ಟು ವರ್ಷ ಒಂದು ಬಾಯಿಯ ಸದ್ದು ಕಡಿಮೆ ಇತ್ತು. ಅದು ಈಗ ಬಂದು ಸೇರಿತು.

“ಎಷ್ಟು?” ಎಂದರು ಮೇಡಂ.

“ಒಂಬತ್ತ್ರಿ.”

ಸೋಮೇಶ ಕೆಮ್ಮಿದ. ಆ ಅಂಕ ಅವನದಾಗಿತ್ತು. ಮೇಡಂ ಹುಬ್ಬೇರಿಸಿ ಆಯಿಯತ್ತ ತಿರುಗಿದರು. “ಆಜಿ, ನೀವು ಹೇಳ್ರಿ. ಹೆಂಗ ಅದಾವ?”

ಆಯಿ ಬಾಯಲ್ಲಿದ್ದದ್ದನ್ನು ಅವಸರವಿಲ್ಲದೆ ಅಗಿದು ನುಂಗಿದಳು. ಉಳಿದ ರೊಟ್ಟಿಯನ್ನು ಯಾರಾದರೂ ಕಿತ್ತುಕೊಂಡಾರೆಂಬಂತೆ ಸೆರಗಿನೊಳಗೆ ಇಟ್ಟುಕೊಂಡಳು. ಮುಖ ಸಪ್ಪಗೆ ಮಾಡಿದಳು.

“ಏನೈತ್ರಿ ಮೇಡಂ, ಹಂಗ ಅದಾವ. ಅಷ್ಟಕ್ಕಷ್ಟ. ಹುಡುಗಿ ಕೈ ಇನ್ನೂ ಪಳಗಬೇಕು.”

ಮೇಡಂ ಗಾಬರಿಯಾಗಿ ಕನ್ನಡಿ ಹಿಡಿದು ಬಗ್ಗಿದರು. ನುಂಗಲು ಹೇಳಿದರು, ಮುಚ್ಚಲು ಹೇಳಿದರು, ಎರಡೂ ಕಡೆ ನೋಡಿದರು. ಎಲ್ಲ ಹಲ್ಲೂ ಹಲ್ಲಿಗೆ ಕೂತಿದ್ದವು. ಗೊಂದಲದಿಂದ ತಿರುಗಿ ನೋಡಿದರೆ ಪ್ರಾಜಕ್ತಾ ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದಳು.

“ನಂದೂ ಒಂಬತ್ತೇ,” ಎಂದರು ಮೇಡಂ. “ಆದ್ರ ಪೇಶಂಟ್ ಅಷ್ಟಕ್ಕಷ್ಟ ಅಂತಾಳ, ನೀ ಒಂಬತ್ತು ಅಂತಿ. ಕಾರಣ?”

“ಆಯಿ ಬೈದಾಳ್ರಿ, ಮೇಡಂ,” ಎಂದಳು ಪ್ರಾಜಕ್ತಾ.